ಮೊದಲು ತಂದೆಯ ಹೆಸರು

ಆ ಶನಿವಾರದ ತನಕ ನಾನು ಮಾಡಿದ ಆ್ಯಪ್‌ಗಳಿಂದ ಯಾರಿಗೂ ಕೇಡಾಗಿರಲಿಲ್ಲ. ಯಾಕೆಂದರೆ ಅವನ್ನು ಯಾರೂ ಬಳಸುತ್ತಿರಲಿಲ್ಲ. ಎಂಸಿಎ ಸೇರಿದ ಹೊಸದರಲ್ಲಿ ಮಂಗಳೂರಿನ ಸಿಟಿ ಬಸ್ಸುಗಳಿಗೆ ಒಂದು ಆ್ಯಪ್ ಮಾಡಿದೆ. ಬಸ್ಸು ಎಲ್ಲಿದೆ ಎಂದು ಅದು ಹುಡುಕಿ ಹೇಳುವಷ್ಟರಲ್ಲಿ ಬಸ್ಸು ಕಣ್ಣೆದುರೇ ದಾಟಿ ಹೋಗಿರುತ್ತಿತ್ತು. ಆಮೇಲೆ ಕಾಟಿಪಳ್ಳದಲ್ಲಿ ನಮ್ಮ ಮನೆ ಹತ್ತಿರದ ಬ್ಯೂಟಿ ಪಾರ್ಲರಿಗೆ ವೆಬ್‌ಸೈಟ್ ಮಾಡಿಕೊಟ್ಟೆ. ಪಾರ್ಲರಿನ ಆಂಟಿ ಅದರಲ್ಲಿದ್ದ ತಮ್ಮ ಫೋಟೋವನ್ನು ಮಾತ್ರ ಸ್ಟೇಟಸ್‌ಗೆ ಹಾಕಿಕೊಂಡು ಉಳಿದದ್ದನ್ನು ಮರೆತರು. ಇವತ್ತು ಬಂದರಿನ ಧಕ್ಕೆಗೆ, ದೋಣಿಗಳು ಮೀನು ಇಳಿಸುವ ಕಟ್ಟೆಗೆ, ಯಾವ ಮೀನು ಬಂದಿದೆ ಎಂದು ಹೇಳುವ ಆ್ಯಪ್ ತೋರಿಸಿದಾಗ ಅಪ್ಪ, "ಅದನ್ನು ಮೀನಿನವಳು ಗೇಟಿನ ಹತ್ತಿರ ನಿಂತು ಕೂಗಿ ಹೇಳ್ತಾಳಲ್ಲ, ನಿನಗೆ ಕೇಳುವುದಿಲ್ವಾ?" ಎಂದರು. ಇಷ್ಟಾದರೂ ನನಗೆ ನನ್ನ ಬಗ್ಗೆ ಇದ್ದ ಅಭಿಪ್ರಾಯ ಚೂರೂ ಕಡಿಮೆಯಾಗಿರಲಿಲ್ಲ.

ಹಾಗಿರುವಾಗ ಅಕ್ಕನಿಗೆ ಸಂಬಂಧ ಕೂಡಿಬಂತು. ಅಕ್ಕ ಎಂದರೆ ಅಮ್ಮನ ಅಕ್ಕನ ಮಗಳು. ಜೆಪ್ಪುವಿನಲ್ಲಿ ದೊಡ್ಡಮ್ಮನ ಜೊತೆ ಇರುತ್ತಿದ್ದಳು, ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಕೆಲಸ. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಮನೆಯ ಎಲ್ಲ ವಿಚಾರಕ್ಕೂ ಅಮ್ಮನ ಅಣ್ಣನೇ, ಅಂದರೆ ನಮ್ಮ ಮಾವನೇ, ಮುಂದೆ ನಿಲ್ಲುತ್ತಿದ್ದರು. ಹುಡುಗನಿಗೆ ದುಬೈಯಲ್ಲಿ ಕೆಲಸ. ಮನೆಯವರು ಬಹಳ ಕಾಲ ಮುಂಬೈಯಲ್ಲಿದ್ದು ಈಗ ಸುರತ್ಕಲ್‌ನಲ್ಲಿ ಮನೆ ಕಟ್ಟಿಕೊಂಡವರು. ಅವನು ರಜೆಯಲ್ಲಿ ಬಂದಿದ್ದ. ನಿಶ್ಚಿತಾರ್ಥಕ್ಕೆ ಹಾಲ್ ಗೊತ್ತಾಗಿತ್ತು, ಎರಡೂ ಮನೆಯವರನ್ನು ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಕೂಡ ಆಗಿತ್ತು. ಅಕ್ಕ ಆ ದಿನಗಳಲ್ಲಿ ಫೋನಿನಲ್ಲಿ ಮಾತಾಡುವಾಗ ದನಿ ಸಣ್ಣ ಮಾಡಿಕೊಂಡು ಟೆರೇಸಿಗೆ ಹೋಗುತ್ತಿದ್ದಳು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಮೊದಲು ನೋಡಿರಲಿಲ್ಲ.

ನನಗೆ ಆಗ ಪ್ರಾಜೆಕ್ಟ್ ಬೇಕಿತ್ತು. ಕುಟುಂಬದ ಮರ ತೋರಿಸುವ ಆ್ಯಪ್ ಮಾಡುವುದು, ನಿಶ್ಚಿತಾರ್ಥದ ದಿನ ಹಾಲಿನ ದೊಡ್ಡ ಪರದೆಯಲ್ಲಿ ಎರಡೂ ಮನೆಯ ಮರಗಳು ಬೆಳೆದು ಬಂದು ಅಕ್ಕನ ಹೆಸರಿನ ಹತ್ತಿರ ಕೂಡಿಕೊಳ್ಳುವ ಹಾಗೆ ವೀಡಿಯೋ ಹಾಕುವುದು, ಇದು ನನ್ನ ಯೋಜನೆ. ಗೈಡ್ ಮೇಡಂ, "ಇಂಥದ್ದು ಇಂಟರ್ನೆಟ್ಟಿನಲ್ಲಿ ರಾಶಿ ಬಿದ್ದಿದೆ, ನಿನ್ನದರಲ್ಲಿ ಹೊಸತು ಏನು?" ಎಂದು ಕೇಳಿದರು. ನನಗೆ ರೋಷ ಬಂತು. ಬಸ್ಸಿನಲ್ಲಿ ಕೂತು ಯೋಚಿಸಿ ಮರುದಿನ ಹೋಗಿ ಹೇಳಿದೆ: ನನ್ನ ಆ್ಯಪ್ ಬರಿ ನೋಡುತ್ತದೆ.

ಬರಿ ಎಂದರೆ ನಮ್ಮ ತುಳುವರಲ್ಲಿ ಹುಟ್ಟಿನಿಂದ ಬರುವ ಕುಲದ ಹೆಸರು. ಬೇರೆ ಕಡೆ ಗೋತ್ರ ಅಪ್ಪನಿಂದ ಬರುತ್ತದೆ; ನಮ್ಮಲ್ಲಿ ಬರಿ ಅಮ್ಮನಿಂದ ಬರುತ್ತದೆ. ಅಮ್ಮನದ್ದು ಯಾವುದೋ ಮಕ್ಕಳದ್ದು ಅದೇ. ಒಂದೇ ಬರಿಯ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಮ್ಮೆಯೂ ನೋಡಿರದಿದ್ದರೂ ಅಣ್ಣ ತಂಗಿಯ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಸಂಬಂಧ ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲು ಕೇಳುವ ಪ್ರಶ್ನೆ ಇದು. ನನ್ನ ಆ್ಯಪ್‌ನಲ್ಲಿ ಅಜ್ಜ ಅಜ್ಜಿಯರ ಬರಿ ಮಾತ್ರ ತುಂಬಿಸಿದರೆ ಸಾಕು, ಕೆಳಗಿನವರದ್ದನ್ನು ಅದೇ ಲೆಕ್ಕ ಹಾಕುತ್ತಿತ್ತು. ಗಂಡ ಹೆಂಡತಿಯ ನಡುವೆ ಒಂದು ಗೆರೆ: ಬರಿ ಬೇರೆಯಾದರೆ ಹಸಿರು, ಒಂದೇ ಆದರೆ ಕೆಂಪು. ಪರದೆ ಗಿಜಿಗುಟ್ಟುತ್ತದೆಂದು ಹೆಸರುಗಳ ಪಕ್ಕ ಬರಿಯನ್ನು ಬರೆಯಲಿಲ್ಲ. ಎರಡೂ ಮನೆಯವರಿಗೆ ಫಾರ್ಮಿನ ಲಿಂಕ್ ಕಳಿಸಿದೆ. ಸುರತ್ಕಲ್‌ನವರು ತುಂಬಿಸಿದರು, ನಮ್ಮವರು ತುಂಬಿಸಿದರು, ಮಸ್ಕತ್‌ನಲ್ಲಿರುವ ಅತ್ತೆ, ಅಪ್ಪನ ತಂಗಿ, ತಮ್ಮ ಇಬ್ಬರು ಮಕ್ಕಳ ಜಾತಕ ಸಮೇತ ತುಂಬಿಸಿದರು.

ಶನಿವಾರ ಮಧ್ಯಾಹ್ನ ಲ್ಯಾಬಿನಿಂದಲೇ ಆ್ಯಪ್‌ನ ಲಿಂಕನ್ನು ಗ್ರೂಪಿಗೆ ಹಾಕಿ, "ಎಲ್ಲರೂ ನೋಡಿ ಹೇಗುಂಟು ಹೇಳಿ" ಎಂದು ಬರೆದು, ಹಂಪನಕಟ್ಟೆಯಲ್ಲಿ ಕಾಟಿಪಳ್ಳದ ಬಸ್ ಹತ್ತಿದೆ. ಹೊಗಳಿಕೆಯೆಲ್ಲ ಬಂದು ಸೇರಲಿ, ಆಮೇಲೆ ಒಟ್ಟಿಗೆ ನೋಡುವ ಎಂದು ಬೇಕೆಂದೇ ಫೋನನ್ನು ಬ್ಯಾಗಿನೊಳಗೆ ಹಾಕಿದ್ದೆ. ಕೂಳೂರು ಸೇತುವೆ ಬರುವಷ್ಟರಲ್ಲಿ ಬ್ಯಾಗು ತೊಡೆಯ ಮೇಲೆ ಒಂದೇ ಸಮನೆ ನಡುಗತೊಡಗಿತು. ತೆಗೆದು ನೋಡಿದರೆ ಯಾರೋ ಆ್ಯಪ್‌ನ ಚಿತ್ರ ತೆಗೆದು ಗ್ರೂಪಿಗೆ ಹಾಕಿದ್ದರು. ಅಕ್ಕನ ಹೆಸರು, ಹುಡುಗನ ಹೆಸರು, ನಡುವೆ ಕೆಂಪು ಗೆರೆ. ಕೆಳಗೆ ನಾನೇ ಬರೆದ ಸಾಲು: ಒಂದೇ ಬರಿ, ಸಂಬಂಧ ಕೂಡದು.

ಹುಡುಗನ ತಂದೆ ಬರೆದಿದ್ದರು, "ನಮಗೆ ನೀವು ಹೇಳಿದ ಬರಿ ಬೇರೆಯಲ್ಲವೇ?" ಅದರ ಕೆಳಗೆ ಮಾವ, "ನೀವು ಹೇಳಿದ್ದೂ ಬೇರೆಯೇ." ನಮ್ಮವರಿಗೆ ನಮ್ಮ ಬರಿ ಸರಿಯಾಗಿ ಗೊತ್ತು, ಹಾಗಾದರೆ ಸುಳ್ಳು ಹೇಳಿದವರು ಅವರು. ಅವರಿಗೆ ಅವರದ್ದು ಗೊತ್ತು, ಹಾಗಾದರೆ ಸುಳ್ಳು ಹೇಳಿದವರು ನಾವು. ಆ್ಯಪ್ ಸುಳ್ಳು ಹೇಳಿರಬಹುದು ಎಂದು ಎರಡೂ ಕಡೆ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ಮಾವನಿಗೆ ಮಾತ್ರ. ಬಸ್ಸಿನಲ್ಲಿರುವಾಗಲೇ ಫೋನ್ ಮಾಡಿದರು.

"ನಿನ್ನ ಆ್ಯಪ್ ಸರಿ ಉಂಟಾ ಮಾರಾಯ್ತಿ? ಒಂದು ಸಲ ನೋಡಿ ಹೇಳು."

"ಸರಿ ಉಂಟು ಮಾವ," ಎಂದೆ. "ಅದು ಕಂಪ್ಯೂಟರ್. ಲೆಕ್ಕ ತಪ್ಪುವುದಿಲ್ಲ."

ಈ ಮಾತನ್ನು ನಾನು ಹೇಳಿದೆ. ಬೇರೆ ಯಾರೂ ಅಲ್ಲ. ಈಗಲೂ ಬಸ್ಸಿನಲ್ಲಿ ಕೂಳೂರು ದಾಟುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಮನೆಗೆ ಬಂದರೆ ಅಪ್ಪ ಜಗಲಿಯಲ್ಲಿ ಫೋನ್ ಹಿಡಿದು ನಿಂತಿದ್ದರು. ನಮ್ಮಲ್ಲಿ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಜೋರು ಮಾತಿನ ಮನುಷ್ಯ ಅಲ್ಲ. ರಿಕ್ಷಾದವನ ಹತ್ತಿರ ಕೂಡ ಜಗಳಾಡುವವರಲ್ಲ. ಆ ದಿನ ಮಾತ್ರ ದೊಡ್ಡಮ್ಮನ ಹತ್ತಿರ ಫೋನಿನಲ್ಲಿ ಕಿರುಚುತ್ತಿದ್ದರು: "ಬಿಟ್ಟುಬಿಡಿ ಅತ್ತಿಗೆ, ಬೇಡವೇ ಬೇಡ. ಬರಿ ಸುಳ್ಳು ಹೇಳಿದವರ ಮನೆಗೆ ಹೆಣ್ಣು ಕೊಡ್ಲಿಕ್ಕೆ ಉಂಟಾ? ಇವತ್ತು ಬರಿ ಸುಳ್ಳು ಹೇಳಿದವರು ನಾಳೆ ಎಂತ ಎಲ್ಲ ಹೇಳ್ಲಿಕ್ಕಿಲ್ಲ!" ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಹೆದರಿದ್ದಾಳೆ ಎಂದುಕೊಂಡೆ.

ಅಕ್ಕನಿಗೆ ಫೋನ್ ಮಾಡಿದೆ. "ಅವನು ಫೋನ್ ತೆಗೀತಾ ಇಲ್ಲ," ಎಂದಳು. "ಮೆಸೇಜ್ ನೋಡಿದ್ದಾನೆ, ಉತ್ತರ ಇಲ್ಲ." ಅವಳು ಅಳುತ್ತಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು. ನನ್ನನ್ನು ಬೈಯಲೂ ಇಲ್ಲ. "ನೀನು ಊಟ ಮಾಡಿದ್ಯಾ?" ಎಂದು ಕೇಳಿ ಇಟ್ಟಳು.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಬಿಡಿಸಿ ಕೂತೆ. ಆ್ಯಪ್ ತಪ್ಪಾಗಿರಬಹುದು ಎಂದಲ್ಲ, ಸುಳ್ಳು ಹೇಳಿದವರು ಯಾರೆಂದು ಹಿಡಿಯಲು. ನನ್ನ ಅಹಂಕಾರ ಅಷ್ಟಿತ್ತು. ಅಕ್ಕನ ಹೆಸರು ಒತ್ತಿ, ಒಳಗೆ ಅವಳಿಗೆ ಯಾವ ಬರಿ ಬಂದಿದೆ ಎಂದು ನೋಡಿದೆ. ನಮ್ಮ ಬರಿ ಬರಬೇಕಿತ್ತು. ಬಂದದ್ದು ದೊಡ್ಡಪ್ಪನ ಅಪ್ಪನದ್ದು.

ಆಮೇಲೆ ಫಾರ್ಮ್ ತೆರೆದೆ. ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ಬಾಲವಾಡಿಯಿಂದ ಕಾಲೇಜಿನ ತನಕ ನಾನು ತುಂಬಿಸಿದ ಎಲ್ಲ ಅರ್ಜಿಗಳಲ್ಲಿ ಇರುವ ಕ್ರಮ ಅದು, ಕೈ ತನ್ನಿಂದ ತಾನೇ ಹಾಗೆ ಬರೆದಿತ್ತು. ಮರ ಬೆಳೆಸುವ ಕೋಡನ್ನು ಉತ್ತರದ ಕಡೆಯ ಒಬ್ಬರ ವೀಡಿಯೋ ನೋಡಿ ಇಳಿಸಿಕೊಂಡಿದ್ದೆ. ಅವರು ಮನೆತನದ ಹೆಸರನ್ನು ಇಳಿಸಲು ಬರೆದದ್ದು: ಹೆತ್ತವರಲ್ಲಿ ಯಾರನ್ನು ಮೊದಲು ಬರೆದಿದೆಯೋ ಅವರ ಹೆಸರು ಮಗುವಿಗೆ ಹೋಗಲಿ. ನಾನು ಅಲ್ಲಿ ಹೆಸರನ್ನು ಅಳಿಸಿ ಬರಿ ಎಂದು ಹಾಕಿದ್ದೆ. ಅಷ್ಟೇ. ಮೊದಲು ಬರೆದದ್ದು ತಂದೆಯನ್ನು, ಹಾಗಾಗಿ ಇಡೀ ಕುಟುಂಬದ ಬರಿ ಅಪ್ಪಂದಿರಿಂದ ಇಳಿದಿತ್ತು. ಅಕ್ಕನ ಅಪ್ಪನ ಅಪ್ಪ, ಹುಡುಗನ ಅಪ್ಪನ ಅಪ್ಪ, ಇಬ್ಬರೂ ಒಂದೇ ಬರಿಯವರು. ಅದರಿಂದ ಯಾರಿಗೂ ಏನೂ ಆಗುವುದಿಲ್ಲ, ನಮ್ಮ ಕ್ರಮದಲ್ಲಿ ಅದು ಲೆಕ್ಕಕ್ಕೇ ಇಲ್ಲ. ತುಳು ಹುಡುಗಿಯೊಬ್ಬಳು ಬರಿಯನ್ನು ಅಪ್ಪನಿಂದ ಇಳಿಸಿದಳು ಎಂದರೆ ಹಳಬರು ಉಗಿಯುತ್ತಾರೆ.

ಮಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಬೈದದ್ದನ್ನೆಲ್ಲ ಬರೆಯುವುದಿಲ್ಲ. ಕೊನೆಗೆ ಹೇಳಿದ್ದು: "ಬಾಯಿಮಾತು ಇನ್ನು ಆಗುವುದಿಲ್ಲ. ಎರಡು ಮನೆಯವರು ಒಬ್ಬರನ್ನೊಬ್ಬರು ಸುಳ್ಳರು ಅಂತ ಹೇಳಿ ಆಗಿದೆ. ಸರಿ ಮಾಡಿ ಪೂರ್ತಿ ಹಾಕು. ಎಲ್ಲರ ಹೆಸರಿನ ಹತ್ತಿರ ಬರಿ ಬರೆ. ಪ್ರತಿಯೊಬ್ಬನೂ ತನ್ನದು ಸರಿ ಉಂಟಾ ಅಂತ ನೋಡ್ಲಿ. ತುಂಡು ತುಂಡು ಹಾಕಿದರೆ ಮುಚ್ಚಿಟ್ಟ ಹಾಗೆ ಆಗ್ತದೆ."

ತಿದ್ದಲು ಹತ್ತು ನಿಮಿಷ ಹಿಡಿಯಲಿಲ್ಲ. ಗ್ರೂಪಿಗೆ ಹಾಕುವ ಮೊದಲು ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆ. ಅಕ್ಕನ ಗೆರೆ ಹಸಿರಾಯಿತು. ಕುರ್ಚಿಯಿಂದ ಎದ್ದು ನಿಂತು ನಾನೇ ಚಪ್ಪಾಳೆ ಹೊಡೆದೆ. ಆಮೇಲೆ ಮರವನ್ನು ಮೇಲಿನಿಂದ ಕೆಳಗೆ ಸರಿಸುತ್ತಾ ಬಂದೆ. ಎಲ್ಲ ಹಸಿರು, ಹಸಿರು, ಹಸಿರು. ಒಂದು ಕಡೆ ಕೆಂಪು. ಅಪ್ಪ ಮತ್ತು ಅಮ್ಮನ ನಡುವೆ.

ನನಗೆ ನಗು ಬಂತು. ಇನ್ನೊಂದು ತಪ್ಪು ಎಂದುಕೊಂಡು ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಮ್ಮ ಬಂಗುಡೆ ತುಂಡು ಮಾಡುತ್ತಿದ್ದಳು.

"ಅಮ್ಮಾ, ಇಲ್ಲಿ ನೋಡು. ನಿಮ್ಮಿಬ್ಬರನ್ನು ಅಣ್ಣ ತಂಗಿ ಮಾಡಿ ಹಾಕಿದೆ ಇದು."

ಅಮ್ಮ ನಗಲಿಲ್ಲ. ಮೀನಿನ ಕೈಯಲ್ಲೇ ಪರದೆಯ ಹತ್ತಿರ ಬಾಗಿ ನೋಡಿದಳು. ಅಪ್ಪನ ಅಮ್ಮನ ಹೆಸರು, ಪಕ್ಕದಲ್ಲಿ ಬರಿ. ನಮ್ಮದೇ ಬರಿ. "ಇದನ್ನು ಯಾರು ಬರೆದದ್ದು?" ಎಂದು ಕೇಳಿದಳು.

"ಮಸ್ಕತ್ ಅತ್ತೆ. ತಪ್ಪು ಬರೆದಿರಬೇಕು."

"ತಪ್ಪಲ್ಲ," ಎಂದಳು ಅಮ್ಮ.

ಆ ಎರಡಕ್ಷರ, ಮೂರಕ್ಷರ ಎಷ್ಟಾದರೂ ಇರಲಿ, ಅದನ್ನು ಕೇಳಿ ನನಗಾದದ್ದನ್ನು ಹೇಗೆ ಹೇಳುವುದು? ಲ್ಯಾಪ್‌ಟಾಪನ್ನು ಕಟ್ಟೆಯ ಮೇಲೆ ಇಟ್ಟೆ, ಅಲ್ಲಿ ನೀರಿತ್ತು, ಅದೂ ಕಾಣಲಿಲ್ಲ. ನನಗೆ ಗೊತ್ತಿದ್ದ ಕಥೆ ಬೇರೆ. ಮನೆಯವರು ನೋಡಿ ಮಾಡಿದ ಮದುವೆ, ಅಮ್ಮ ಅಪ್ಪನ ಮುಖ ಸರಿಯಾಗಿ ನೋಡಿದ್ದೇ ಮದುವೆಯ ದಿನ, ಹೀಗೆ. ಅಮ್ಮ ಕೈ ತೊಳೆದುಕೊಂಡು, ಸೀರೆಗೆ ಒರೆಸಿಕೊಂಡು, ನಿಜವಾದ ಕಥೆ ಹೇಳಿದಳು. ಸುರತ್ಕಲ್‌ನ ಟೈಪಿಂಗ್ ಕ್ಲಾಸಿನಲ್ಲಿ ಅಪ್ಪ ಪಕ್ಕದ ಮೆಷಿನ್. ಒಂದು ವರ್ಷದ ಮೇಲೆ ಗೊತ್ತಾಯಿತು, ಇಬ್ಬರದ್ದೂ ಒಂದೇ ಬರಿ. ಅಪ್ಪ ಹೋಗಿ ತನ್ನ ಅಮ್ಮನ ಎದುರು ಕೂತು ಅತ್ತರಂತೆ. ಅಜ್ಜಿ ಎರಡು ದಿನ ಮಾತಾಡದೆ ಇದ್ದು ಮೂರನೆಯ ದಿನ ಹೇಳಿದರಂತೆ: "ನಾನು ದೂರದ ಊರಿನವಳು, ನನ್ನ ಬರಿ ಅವರಿಗೆ ಗೊತ್ತಿಲ್ಲ. ಕೇಳಿದರೆ ನಿನ್ನ ಅಪ್ಪನ ಬರಿ ಹೇಳು."

ಅಪ್ಪ ಹಾಗೇ ಹೇಳಿದರು. ಮಾವ ನಂಬಿದರು. ಆಗ ಅತ್ತೆ ಶಾಲೆಗೆ ಹೋಗುವ ಹುಡುಗಿ, ಅವರಿಗೆ ಇದು ಯಾವುದೂ ಗೊತ್ತಿಲ್ಲ.

ಅಂದರೆ ನಾನು ಕೋಡಿನಲ್ಲಿ ಮಾಡಿದ ತಪ್ಪನ್ನೇ ಅಪ್ಪ ಇಪ್ಪತ್ತೈದು ವರ್ಷದ ಹಿಂದೆ ಬೇಕೆಂದು ಮಾಡಿದ್ದರು. ಬರಿಯನ್ನು ಅಪ್ಪನಿಂದ ಇಳಿಸಿದ್ದರು. ಅದೇ ತಪ್ಪಿನಿಂದ ಅಕ್ಕನ ಮದುವೆ ನಿಲ್ಲುವುದರಲ್ಲಿತ್ತು, ಅದೇ ತಪ್ಪಿನಿಂದ ನಾನು ಹುಟ್ಟಿದ್ದೆ. ಅದಕ್ಕಿಂತಲೂ ನನಗೆ ಬೆಂಕಿ ಹತ್ತಿಸಿದ್ದು ಜಗಲಿಯ ಆ ಕಿರುಚಾಟ. ತಾನು ಕಳ್ಳ ಪರರ ನಂಬ ಎಂಬ ಗಾದೆ ಅಪ್ಪನಿಗೇ ಮಾಡಿದ ಹಾಗಿತ್ತು. ಹೋಗಿ ಅಪ್ಪನ ಎದುರು ನಿಂತು ಕೇಳಿದೆ, "ಬರಿ ಸುಳ್ಳು ಹೇಳಿದವರ ಮನೆಗೆ ಹೆಣ್ಣು ಕೊಡ್ಲಿಕ್ಕೆ ಉಂಟಾ ಅಪ್ಪ?"

ಅಪ್ಪ ಪೇಪರ್ ಮಡಚಿದರು. ನನ್ನ ಹಿಂದೆ ಬಂದು ನಿಂತಿದ್ದ ಅಮ್ಮನನ್ನು ನೋಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು, "ಹೆದರಿಕೆ ಆಯ್ತು ಮಗಾ. ಅವರದ್ದು ಕೆದಕ್ಲಿಕ್ಕೆ ಹೊರಟವರು ನಮ್ಮದನ್ನೂ ಕೆದಕಿಯಾರು ಅಂತ. ಸಂಬಂಧ ಅಲ್ಲಿಗೇ ಬಿಟ್ಟುಹೋದರೆ ಯಾರೂ ಕೆದಕುವುದಿಲ್ಲ ಅಂತ."

ಅಕ್ಕನ ಬದುಕು ಹೋದರೂ ಅಡ್ಡಿಯಿಲ್ಲ ಎಂದು ಅದರರ್ಥ. ಅವರಿಗೂ ಅದು ಗೊತ್ತಿತ್ತು.

ನಾನು ಸಿಟ್ಟಿನಲ್ಲಿದ್ದೆ, ಆದರೂ ನನ್ನ ಅಪ್ಪ ಅಮ್ಮ. "ನಾನು ಅಜ್ಜಿಯ ಬರಿಯನ್ನು ಬದಲಿಸಿ ಹಾಕ್ತೇನೆ. ಒಂದೇ ಸಾಲು. ಯಾರಿಗೂ ಗೊತ್ತಾಗುವುದಿಲ್ಲ," ಎಂದೆ. ಅಪ್ಪ ತಲೆ ಎತ್ತಿದರು. ಅಮ್ಮ ಮಾತ್ರ ಕೇಳಿದಳು, "ಅಜ್ಜಿಯದ್ದು ಬದಲಾದರೆ ಮಸ್ಕತ್ ಅತ್ತೆಯದ್ದೂ ಬದಲಾಗ್ತದಲ್ಲ? ಅವಳ ಮಕ್ಕಳದ್ದು?"

"ಹೌದು. ಕೆಳಗೆ ಎಲ್ಲ ಬದಲಾಗ್ತದೆ."

"ಅವಳು ನೋಡಿ ಗ್ರೂಪಿನಲ್ಲೇ ಕೇಳ್ತಾಳೆ. ಕೇಳದಿದ್ದರೆ ಇನ್ನೂ ಕಷ್ಟ. ನಾಳೆ ಆ ಮಕ್ಕಳಿಗೆ ಸಂಬಂಧ ನೋಡುವಾಗ ನಿನ್ನ ಆ್ಯಪ್ ನೋಡಿ ಒಪ್ಪಿದರೆ?"

"ಹಾಗಾದರೆ ನಮ್ಮ ಮೂವರನ್ನೇ ತೆಗೀತೇನೆ."

"ನಮ್ಮನ್ನು ಯಾಕೆ ತೆಗೆದೆ ಅಂತ ಅಣ್ಣ ಕೇಳುವುದಿಲ್ವಾ?" ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿದಳು. ಆಮೇಲೆ ಅವಳು, "ಇದ್ದ ಹಾಗೆ ಹಾಕು. ನನ್ನ ಅಕ್ಕನ ಮಗಳು ಎಂತ ಪಾಪ ಮಾಡಿದ್ದಾಳೆ?" ಎಂದಳು. ಅಪ್ಪ ಬೇಡ ಎನ್ನಲಿಲ್ಲ. ಹೌದು ಎಂದೂ ಹೇಳಲಿಲ್ಲ. ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ನಿಂತರು.

ಭಾನುವಾರ ಸಂಜೆ ಹಾಕಿದೆ. ಕೆಳಗೆ ನನ್ನ ತಪ್ಪು ಏನೆಂದು ಬರೆದು ಎಲ್ಲರಲ್ಲಿ ಕ್ಷಮೆ ಕೇಳಿದೆ. ಸುರತ್ಕಲ್‌ನವರಿಂದ ಕೈಮುಗಿದ ಚಿತ್ರಗಳು ಬಂದವು. ನಮ್ಮ ಕಡೆಯವರು ಒಬ್ಬರೂ ಏನೂ ಬರೆಯಲಿಲ್ಲ, ನೋಡಿದವರ ಪಟ್ಟಿ ಮಾತ್ರ ಉದ್ದವಾಗುತ್ತ ಹೋಯಿತು. ಏಳು ಗಂಟೆಗೆ ಮಾವ ಅಪ್ಪನಿಗೆ ಫೋನ್ ಮಾಡಿದರು. ಅಪ್ಪ ಸ್ಪೀಕರ್ ಹಾಕಿದರು. "ಇಪ್ಪತ್ತೈದು ವರ್ಷ ನನ್ನ ಪಕ್ಕ ಕೂತು ಊಟ ಮಾಡಿದಿರಲ್ಲ ಭಾವ," ಎಂದರು ಮಾವ. ಫೋನ್ ಇಟ್ಟರು. ಅಪ್ಪ ಆಮೇಲೂ ಬಹಳ ಹೊತ್ತು ಫೋನನ್ನು ಕೈಯಲ್ಲಿ ಹಿಡಿದೇ ಇದ್ದರು.

ಸೋಮವಾರ ಸಂಜೆ ಹುಡುಗನ ಕಡೆಯವರು ಜೆಪ್ಪುವಿಗೆ ಬರುತ್ತಾರೆ, ಎಲ್ಲರೂ ಇರಬೇಕು ಎಂದು ದೊಡ್ಡಮ್ಮ ಹೇಳಿದಳು. ಅಪ್ಪನೂ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ. ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು, ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗ, ಅವನ ತಂದೆ ತಾಯಿ ಸ್ವೀಟಿನ ಬಾಕ್ಸ್ ಹಿಡಿದುಕೊಂಡು ನಗುತ್ತ ಬಂದರು. ಕಂಪ್ಯೂಟರನ್ನು ನಂಬಬಾರದು ಎಂದು ಹುಡುಗನ ತಂದೆ ನನ್ನ ತಲೆ ಸವರಿದರು. ಮಾವನೂ ನಕ್ಕರು. ಹಾಲ್, ಊಟ, ಫೋಟೋದವನು ಎಂದು ಮಾತು ಮತ್ತೆ ಹಳೆಯ ದಾರಿಗೆ ಬಂತು. ನಾವು ಮಾನ ಕಳೆದುಕೊಂಡದ್ದಕ್ಕೆ ಅಕ್ಕನಿಗಾದರೂ ಒಳ್ಳೆಯದಾಯಿತಲ್ಲ ಎಂದುಕೊಂಡೆ.

ಅಕ್ಕ ಕಾಫಿ ತಂದಳು. ಎಲ್ಲರಿಗೂ ಕೊಟ್ಟಳು. ಹುಡುಗನ ಎದುರು ನಿಂತು, "ಎರಡು ದಿವಸ ಯಾಕೆ ಫೋನ್ ತೆಗೀಲಿಲ್ಲ?" ಎಂದು ಕೇಳಿದಳು.

ಅವನು ತಾಯಿಯ ಕಡೆ ನೋಡಿದ. "ಮನೆಯಲ್ಲಿ ಮಾತಾಡಬೇಡ ಅಂತ ಹೇಳಿದ್ರು," ಎಂದ. "ಒಂದೇ ಬರಿ ಅಂತ ಆದ ಮೇಲೆ ಮಾತಾಡಿ ಎಂತ ಮಾಡುವುದು ಅಂತ..."

"ಒಂದು ಸಲ ಕೇಳಬಹುದಿತ್ತು."

"ಈಗ ಸರಿ ಆಯ್ತಲ್ಲ."

"ನನಗೆ ಈ ಮದುವೆ ಬೇಡ ಮಾವ," ಎಂದಳು ಅಕ್ಕ.

ಯಾರಿಗೂ ಅರ್ಥವಾಗಲಿಲ್ಲ. ದೊಡ್ಡಮ್ಮನ ಕೈಯಿಂದ ಚಕ್ಕುಲಿಯ ತಟ್ಟೆ ವಾಲಿ ಎರಡು ಚಕ್ಕುಲಿ ಕೆಳಗೆ ಬಿದ್ದವು. ಮಾವ ಎದ್ದು ನಿಂತು, "ಎಂತ ಮಾತಾಡ್ತೀ? ಎರಡು ದಿವಸ ಫೋನ್ ತೆಗೀಲಿಲ್ಲ ಅಂತ ಸಂಬಂಧ ಬಿಡುವುದಾ?" ಎಂದು ಗದರಿದರು.

ಅಕ್ಕ ಬಾಗಿಲ ಕಡೆ ಕೈ ತೋರಿಸಿದಳು. "ಚಿಕ್ಕಪ್ಪ ಅಲ್ಲಿ ಕೂತಿದ್ದಾರಲ್ಲ. ಅವರಿಗೆ ನಿಜವಾಗಿಯೂ ಒಂದೇ ಬರಿ ಬಂದಿತ್ತು. ಆದರೂ ಚಿಕ್ಕಮ್ಮನನ್ನು ಬಿಡಲಿಲ್ಲ. ಇವನಿಗೆ ಬಂದದ್ದು ಸುಳ್ಳು ಗೆರೆ. ಆದರೂ ಬಿಟ್ಟ."

ನಾನು ಅಪ್ಪನನ್ನು ನೋಡಿದೆ. ಮೊನ್ನೆ ಅಕ್ಕನನ್ನು ಬಿಟ್ಟುಕೊಡಲು ಹೊರಟಿದ್ದವರು ಅವರೇ, ಅದು ಅಕ್ಕನಿಗೆ ಗೊತ್ತಿತ್ತು. ಆ ಕಿರುಚಾಟ ದೊಡ್ಡಮ್ಮನ ಫೋನಿನಿಂದ ಅವಳಿಗೂ ಕೇಳಿತ್ತು. ಅಪ್ಪ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, ಅಷ್ಟು ಜನರ ಎದುರಿಗೆ, ದನಿಯೆತ್ತಿ ಅಳತೊಡಗಿದರು. ಅಮ್ಮ ತನ್ನ ಅಣ್ಣನ ಪಕ್ಕದಿಂದ ಎದ್ದು ಹೋಗಿ ಅಪ್ಪನ ಕುರ್ಚಿಯ ಹತ್ತಿರ ನಿಂತಳು.